ಮೂವತ್ತೆಂಟು ಚುಕ್ಕಿಗಳ ಅಕ್ಕ

ಬೆಳಗಿನ ಐದೂವರೆ. ಉದ್ದನೆಯ ಶೆಡ್ಡಿನ ಮೂಲೆಯ ಸಿಂಕಿನಲ್ಲಿ ಆಕೆ ಬಿಸಿನೀರಿಗೆ ಕೈಯೊಡ್ಡಿ ನಿಂತಿದ್ದಾರೆ. ಮುಖ ತೊಳೆಯಲಿಕ್ಕಲ್ಲ, ಬೆರಳು ಬೆಚ್ಚಗಾಗಲಿ ಎಂದು. "ತಣ್ಣನೆ ಕೈಲಿ ಮುಟ್ಟಿದ್ರೆ ಮೈ ಬೆಚ್ಚಿಬೀಳತ್ತೆ. ಬೆಚ್ಚಿಬಿದ್ದ ಮೈ ನಿಜ ಹೇಳಲ್ಲ," ಎನ್ನುತ್ತಾರೆ. ಆಮೇಲೆ ಕೈ ಒರೆಸಿಕೊಂಡು, ತಗಡಿನ ಪೆಟ್ಟಿಗೆ ತೆರೆದು, ಕಡಲೆಕಾಳಿನ ಗಾತ್ರದ ಬೆಳ್ಳಿಬಣ್ಣದ ಗುಂಡುಗಳನ್ನು ಎಣಿಸುತ್ತಾರೆ. ಮೂವತ್ತೆಂಟು, ಸರಿ ಇದೆ.

ಬೌಲರ್‌ಗಳ ಕೈ ನೇರವಾಗಿದೆಯೋ ಸೊಟ್ಟಗಿದೆಯೋ ಎಂದು ಅಳೆಯುವ ಪ್ರಯೋಗಾಲಯ ಇದು. ಈ ಗುಂಡುಗಳನ್ನು ಬೌಲರ್‌ನ ಭುಜ, ಮೊಣಕೈ, ಮಣಿಕಟ್ಟು, ಸೊಂಟದ ಮೇಲೆ ಅಂಟಿಸುವುದು ಆಕೆಯ ಕೆಲಸ. ಗೋಡೆಯ ಹನ್ನೆರಡು ಕ್ಯಾಮೆರಾಗಳಿಗೆ ಮನುಷ್ಯ ಬೇಡ, ಹೊಳೆಯುವ ಚುಕ್ಕಿಗಳಷ್ಟೇ ಸಾಕು. ಹಾಗಾಗಿ ಇಲ್ಲಿ ಎಲ್ಲರಿಗೂ ಆಕೆ ಚುಕ್ಕಿ ಅಕ್ಕ. ವಯಸ್ಸು ಐವತ್ತನಾಲ್ಕು, ಓದಿದ್ದು ಏಳನೇ ಕ್ಲಾಸು.

ಇವತ್ತು ಅಕ್ಕ ಚುಕ್ಕಿಗಳನ್ನು ಎರಡನೇ ಸಲ ಎಣಿಸುತ್ತಾರೆ. ಎದುರಿನ ಬೆಂಚಿನ ಮೇಲೆ ಅಂಗಿ ಬಿಚ್ಚಿ ಕುಳಿತಿರುವವರು ಸಿಟಿ ಬಸ್ಸಿನ ಕಂಡಕ್ಟರ್. ಹತ್ತು ವರ್ಷದ ಹಿಂದೆ ಅವರು ಇದೇ ಬೆಂಚಿನ ಮೇಲೆ ಆಫ್ ಸ್ಪಿನ್ನರ್ ಆಗಿ ಕುಳಿತಿದ್ದರು. ಅಂದು ಅವರ ಕೈಗೆ ಚುಕ್ಕಿ ಅಂಟಿಸಿದ್ದೂ ಈ ಅಕ್ಕನೇ.

ಪರೀಕ್ಷೆಯ ನಿಯಮ ಸರಳ. ಚೆಂಡು ಬಿಡುವ ಮುಂಚೆ ಮೊಣಕೈ ಬಾಗಿರಬಹುದು. ಆದರೆ ತೋಳು ಭುಜದ ಮಟ್ಟಕ್ಕೆ ಬಂದಲ್ಲಿಂದ ಚೆಂಡು ಬೆರಳು ಬಿಡುವ ತನಕ ಹದಿನೈದು ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಬಾರದು. ಮೀರಿದರೆ ಅದು ಬೌಲಿಂಗ್ ಅಲ್ಲ, ಎಸೆತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳರಲ್ಲದವರೂ ಒಳಗೆ ಬರುತ್ತಲೇ ಮೊಣಕೈ ಸವರಿಕೊಳ್ಳುತ್ತಾರೆ. ಅಂದು ಕಂಡಕ್ಟರ್ ಕೈಗೆ ಬಂದ ಅಂಕಿ ಹದಿನೇಳು. ಕ್ರಿಕೆಟ್ ಮಂಡಳಿಗೆ ವರದಿಯ ಕಾಗದ ಹೋಯಿತು, ಆಟ ನಿಂತಿತು. ಇಪ್ಪತ್ತನಾಲ್ಕರ ಹುಡುಗ "ಎಸೆಯುವವನು" ಎಂಬ ಹೆಸರು ಹೊತ್ತು ಮನೆಗೆ ಹೋದ.

ಅಕ್ಕ ಆಗಿನ್ನೂ ಹೊಸಬರು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಲು ಆಸ್ಪತ್ರೆಯ ಪ್ಲಾಸ್ಟರ್ ಕೋಣೆ ಸೇರಿ, ಹದಿನೇಳು ವರ್ಷ ಮುರಿದ ಕೈಕಾಲುಗಳನ್ನು ಹಿಡಿದು ನಿಂತವರು. ಕಣ್ಣು ಮುಚ್ಚಿ ಮುಟ್ಟಿದರೂ ಯಾವ ಮೂಳೆ ಎಂದು ಹೇಳುವರು. ಅದನ್ನು ಕಂಡೇ ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುವ ವಿಜ್ಞಾನಿ, ಇಲ್ಲಿಗೆ ಕರೆತಂದರು.

ಆದರೆ ಆಸ್ಪತ್ರೆಯಲ್ಲಿ ಮೂಳೆ ಅಲ್ಲಾಡದೆ ಮಲಗಿರುತ್ತದೆ, ಇಲ್ಲಿ ಓಡುತ್ತದೆ. ಆ ಪರೀಕ್ಷೆಯಾಗಿ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ ಅಕ್ಕ ಕನ್ನಡಿ ಮುಂದೆ ತಲೆ ಬಾಚುತ್ತಿದ್ದರು. ಹಿಂದಿನ ದಿನ ಅಭ್ಯಾಸಕ್ಕೆಂದು ತಮ್ಮದೇ ಮೊಣಕೈ ಮೂಳೆಯ ಮೇಲೆ ಪೆನ್ನಿನಲ್ಲಿ ಇಟ್ಟಿದ್ದ ಚುಕ್ಕಿ ಇನ್ನೂ ಅಳಿಸಿರಲಿಲ್ಲ. ಕೈ ಎತ್ತಿದಾಗ ನೋಡುತ್ತಾರೆ, ಚುಕ್ಕಿ ಮೂಳೆ ಬಿಟ್ಟು ಒಂದು ಬೆರಳಗಲ ಜಾರಿದೆ! ಮೂಳೆ ಇದ್ದಲ್ಲೇ ಇದೆ, ಅದರ ಮೇಲಿನ ಚರ್ಮ ನಡೆದುಹೋಗಿದೆ. "ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ಮೊಣಕೈಗೆ ಬೇಕೇ ಬೇಕು ನೋಡಿ," ಎಂದು ನಗುತ್ತಾರೆ. ಆ ದಿನ ಮಾತ್ರ ಅವರು ನಗಲಿಲ್ಲ. ಇಳಿಬಿಟ್ಟ ಕೈಗೆ ಚುಕ್ಕಿ ಅಂಟಿಸಿದರೆ, ಕೈ ಮೇಲೇರಿದಾಗ ಕ್ಯಾಮೆರಾ ಕಾಣುವುದು ಜಾರಿದ ಚರ್ಮವನ್ನು. ಆಫ್ ಸ್ಪಿನ್ನರ್ ಹುಡುಗನಿಗೆ ಅವರು ಅಂಟಿಸಿದ್ದು ಹಾಗೆಯೇ.

ಬಾಚಣಿಗೆ ಅಲ್ಲೇ ಇಟ್ಟು ಮೇಡಂ ಹತ್ತಿರ ಓಡಿದರು. "ತಪ್ಪು ನಂದು, ಶಿಕ್ಷೆ ಆ ಹುಡುಗನಿಗೆ ಆಗಿದೆ ಅಂದೆ. ಕೆಲಸ ಹೋದ್ರೆ ಹೋಗ್ಲಿ ಅಂತಲೇ ಹೇಳಿದೆ." ಕೆಲಸ ಹೋಗಲಿಲ್ಲ, ಕೆಲಸದ ರೀತಿ ಬದಲಾಯಿತು. ಅಂದಿನಿಂದ ಅಕ್ಕ ಬೌಲರ್‌ನ ಕೈಯನ್ನು ಚೆಂಡು ಬಿಡುವ ಭಂಗಿಗೆ ಎತ್ತಿ ಹಿಡಿದೇ ಮೂಳೆ ಹುಡುಕುತ್ತಾರೆ. ದಿನಕ್ಕೆ ಮೂರು ಬೌಲರ್, ಒಬ್ಬೊಬ್ಬರಿಗೆ ಮೂವತ್ತೆಂಟು ಚುಕ್ಕಿ. ಬೆವರಿಗೆ ಸಡಿಲಾಗಿವೆಯೇ ಎಂದು ಪ್ರತಿ ಆರು ಚೆಂಡಿಗೊಮ್ಮೆ ಎಲ್ಲವನ್ನೂ ಮುಟ್ಟಿ ನೋಡುತ್ತಾರೆ. ಅಂಟು, ಸ್ಪಿರಿಟ್ ಸೇರಿ ಬೆರಳ ತುದಿಗಳು ಬಿರಿದಿವೆ. ವರದಿಯಲ್ಲಿ ಅವರ ಹೆಸರು ಎಲ್ಲೂ ಇರುವುದಿಲ್ಲ.

ಮರುಪರೀಕ್ಷೆಗೆ ಬನ್ನಿ ಎಂದು ಹುಡುಗನಿಗೆ ಬರೆದ ಪತ್ರ ಮಾತ್ರ ವಾಪಸು ಬಂತು. ಮನೆ ಬದಲಾಗಿತ್ತು. ಹತ್ತು ವರ್ಷ ಅಕ್ಕನ ಎದೆಯಲ್ಲಿ ಅದು ಮುಳ್ಳಾಗಿ ಉಳಿಯಿತು. ಕಳೆದ ತಿಂಗಳು ಬಸ್ಸಿನಲ್ಲಿ ಕಂಡಕ್ಟರೊಬ್ಬರು ಗಂಟೆಯ ಹಗ್ಗ ಎಳೆಯಲು ಕೈ ಎತ್ತಿದರು. ಹುಟ್ಟಿನಿಂದಲೇ ಕೊಂಚ ಹೊರಕ್ಕೆ ಬಾಗಿದ ಮೊಣಕೈ. "ನಂಗೆ ಮುಖ ನೆನಪಿರಲ್ಲ, ಮೊಣಕೈ ಮರೆಯಲ್ಲ. 'ನೀವು ಆಫ್ ಸ್ಪಿನ್ ಹಾಕ್ತಿದ್ರಲ್ವಾ?' ಅಂದೆ. ಅವ್ರು ಟಿಕೆಟ್ ಹರಿಯೋದನ್ನೇ ಮರೆತು ನಿಂತ್ರು."

ಕಂಡಕ್ಟರ್‌ಗೆ ಈಗ ಮೂವತ್ತನಾಲ್ಕು. ಇನ್ನು ಯಾವ ತಂಡವೂ ಕರೆಯುವುದಿಲ್ಲ ಎಂದು ಅವರಿಗೂ ಗೊತ್ತು, ಆದರೂ ಅಕ್ಕ ಮರುಪರೀಕ್ಷೆಗೆ ಕರೆದಾಗ ಬಂದಿದ್ದಾರೆ. "ನನ್ನ ಮಗಳು ಕೇಳ್ತಾಳೆ, ಅಪ್ಪ ನೀನು ಮೋಸ ಮಾಡಿದ್ಯಾ ಅಂತ. ಇಲ್ಲ ಅಂತೀನಿ. ಆದ್ರೆ ನನಗೇ ಗ್ಯಾರಂಟಿ ಇಲ್ಲ," ಎನ್ನುತ್ತಾರೆ. ಅಕ್ಕ ಅವರ ತೋಳನ್ನು ಮೇಲೆತ್ತಿ, ಕಣ್ಣು ಮುಚ್ಚಿ, ಮೊಣಕೈಯ ಎರಡು ಗಂಟುಗಳನ್ನು ಹುಡುಕುತ್ತಾರೆ. "ಮತ್ತೆ ಹದಿನೇಳೇ ಬಂದ್ರೆ?" ಎಂದು ಅವರು ಕೇಳುತ್ತಾರೆ. "ಬಂದ್ರೆ ಬರ್ಲಿ ಕಣಪ್ಪ. ಈ ಸಲ ಬರೋ ಅಂಕಿ ನಿಮ್ಮ ಕೈಯದು, ನನ್ನ ತಪ್ಪಿನದಲ್ಲ."

ಕಂಡಕ್ಟರ್ ನಾಲ್ಕು ಹೆಜ್ಜೆ ಓಡಿಬಂದು ಚೆಂಡು ಬಿಡುತ್ತಾರೆ. ಅದನ್ನು ಕಂಡರೆ ಯಾರಿಗಾದರೂ ಮಾತು ನಿಲ್ಲಬೇಕು. ನೆಲದಿಂದ ಹೊರಟ ಬಲ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಭುಜದಿಂದ ಮಣಿಕಟ್ಟಿಗೆ ಕೈಬದಲಾಗುತ್ತ ಬಂದು ಕೊನೆಗೆ ತೋರುಬೆರಳಿನ ಒಂದು ಗೆಣ್ಣಿಗೆ ತಲುಪುತ್ತದೆ. ಹತ್ತು ವರ್ಷ ಟಿಕೆಟ್ ಹರಿದ ಬೆರಳು ಅದು. ಚೆಂಡು ನಿಮಿಷಕ್ಕೆ ಎರಡು ಸಾವಿರ ಸುತ್ತಿನ ವೇಗದಲ್ಲಿ ಗಿರಗಿರ ತಿರುಗುತ್ತದೆ. ಗಾಳಿಯಲ್ಲಿರುವುದು ಒಂದು ಸೆಕೆಂಡಿಗೂ ಕಡಿಮೆ, ಅಷ್ಟರಲ್ಲೇ ಇಪ್ಪತ್ತೇಳು ಸುತ್ತು. ತಿರುಗುವ ಚೆಂಡು ಸುತ್ತಲಿನ ಗಾಳಿಯನ್ನೂ ತನ್ನೊಂದಿಗೆ ತಿರುಗಿಸುತ್ತದೆ, ಆ ಗಾಳಿಯೇ ಅದನ್ನು ಕೆಳಕ್ಕೆ ಒತ್ತುತ್ತದೆ ಎಂದು ಮೇಡಂ ವಿವರಿಸುತ್ತಾರೆ. ಯಾವ ಬ್ಯಾಟ್ಸ್‌ಮನ್ ಎಣಿಸುವುದಕ್ಕಿಂತಲೂ ಒಂದು ಮೊಳ ಮೊದಲೇ ಅದು ಧುಮುಕಿ, ನೆಲ ಕಚ್ಚಿ, ಒಳಕ್ಕೆ ತಿರುಗುತ್ತದೆ. "ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ, ಇನ್ನೂ ರೋಮ ನಿಲ್ಲತ್ತೆ," ಎಂದು ಅಕ್ಕ ತೋಳು ಚಾಚಿ ತೋರಿಸುತ್ತಾರೆ. ನಿಜಕ್ಕೂ ನಿಂತಿವೆ.

ಆರು ಚೆಂಡು, ಪರಿಶೀಲನೆ, ಮತ್ತೆ ಆರು. ಒಂದೂ ಚುಕ್ಕಿ ಕದಲಿಲ್ಲ. ಪರದೆಯ ಮೇಲೆ ಚುಕ್ಕಿಗಳಷ್ಟೇ ಸೇರಿ ಆದ ಮನುಷ್ಯನೊಬ್ಬ ನಿಧಾನವಾಗಿ ಕೈ ತಿರುಗಿಸುತ್ತಾನೆ. ಮೇಡಂ ಕನ್ನಡಕ ಏರಿಸಿ ಅಂಕಿ ಓದುತ್ತಾರೆ: "ಹನ್ನೊಂದು. ಅತಿ ಹೆಚ್ಚು ಅಂದ್ರೆ ಹನ್ನೆರಡು." ಕಂಡಕ್ಟರ್ ಬಲಗೈಯ ಮೊಣಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತುಬಿಡುತ್ತಾರೆ.

ಅಕ್ಕ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಕೂದಲು ಕೀಳದ ಹಾಗೆ ಚುಕ್ಕಿಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. "ತಪ್ಪಾಯ್ತಪ್ಪ. ಹತ್ತು ವರ್ಷ ತಡವಾಯ್ತು," ಎನ್ನುತ್ತಾರೆ. ಕಂಡಕ್ಟರ್ ತಲೆಯಾಡಿಸುತ್ತಾರೆ. ಮೊಣಕೈಯ ಕೊನೆಯ ಚುಕ್ಕಿಗೆ ಬಂದಾಗ ಕೈ ಅಡ್ಡ ಹಿಡಿಯುತ್ತಾರೆ. "ಇದೊಂದು ಇರ್ಲಿ ಅಕ್ಕ. ಮಗಳಿಗೆ ತೋರಿಸ್ಬೇಕು."

ಈ ಹನ್ನೊಂದು ವರ್ಷದಲ್ಲಿ ಅಕ್ಕನ ಲೆಕ್ಕದಲ್ಲಿ ಒಂದೂ ಕಡಿಮೆಯಾದದ್ದಿಲ್ಲ. ಒಮ್ಮೆ ಬೀರುವಿನಡಿ ಉರುಳಿದ ಒಂದಕ್ಕಾಗಿ ಇಡೀ ಬೀರುವನ್ನೇ ಸರಿಸಿದವರು. ಕಂಡಕ್ಟರ್ ಅಂಗಿ ತೊಟ್ಟು, ಅದರ ಬಲತೋಳನ್ನು ಚುಕ್ಕಿಯ ಮೇಲಕ್ಕೆ ಮಡಚಿಕೊಂಡು ಬಸ್ ಡಿಪೋ ಕಡೆ ನಡೆದ ಮೇಲೆ, ಅಕ್ಕ ಪೆಟ್ಟಿಗೆ ಮುಚ್ಚಿ ದಪ್ಪ ಪುಸ್ತಕ ತೆರೆಯುತ್ತಾರೆ. ದಿನಾ "ಮೂವತ್ತೆಂಟು, ಸರಿ ಇದೆ" ಎಂದು ಬರೆಯುವ ಜಾಗದಲ್ಲಿ ಇವತ್ತು ಗುಂಡಾದ ಅಕ್ಷರದಲ್ಲಿ ಬರೆಯುತ್ತಾರೆ: "ಮೂವತ್ತೇಳು. ಇನ್ನೊಂದು ಕಂಡಕ್ಟರ್ ಮೊಣಕೈ ಮೇಲಿದೆ, ಸರಿಯಾದ ಜಾಗದಲ್ಲಿ."