ಬ್ಯಾಗಿನಲ್ಲೇ ಇದ್ದ ಫಿಲ್ಟರ್

ನಾನು ಸುಲಭಕ್ಕೆ ಯಾವುದನ್ನೂ ನಂಬುವವನಲ್ಲ. ದೆವ್ವ, ಶಕುನ ಎಂದವರನ್ನು ಗೇಲಿ ಮಾಡಿದ್ದೇ ಹೆಚ್ಚು. ಕೆಲಸ ಕೇಳಿಕೊಂಡು ಬರುವವರನ್ನಂತೂ ನಂಬುವುದೇ ಇಲ್ಲ. ಜೆ.ಪಿ. ನಗರದ ನಮ್ಮ ಕಚೇರಿಗೆ ಟೆಕ್ನಿಕಲ್ ರೈಟರ್‌ಗಳನ್ನು, ಅಂದರೆ ಯಂತ್ರಗಳ ಬಳಕೆಯ ಕೈಪಿಡಿ ಬರೆಯುವವರನ್ನು, ಆರಿಸುವುದು ನನ್ನ ಕೆಲಸ. ಇತ್ತೀಚೆಗೆ ಎಲ್ಲರ ಬರವಣಿಗೆಯೂ ನುಣ್ಣಗೆ ಒಂದೇ ಥರ. ಬರೆದದ್ದು ಇವರೋ ಎಐಯೋ ದೇವರೇ ಬಲ್ಲ. ಅದಕ್ಕೇ ಒಂದು ಪರೀಕ್ಷೆ ಇಟ್ಟೆ. ನಾನೇ ಮನೆಯಿಂದ ಯಾವುದಾದರೂ ವಸ್ತು ತಂದು ಮೇಜಿನ ಮೇಲಿಡುವುದು. ಅದನ್ನು ಬಳಸುವ ಬಗೆಯನ್ನು ಅವರು ಪೆನ್ನಿನಲ್ಲಿ ಬರೆಯಬೇಕು. ಫೋನ್ ಹೊರಗೆ. ವಸ್ತು ಯಾವುದೆಂದು ಯಾರಿಗೂ ಮೊದಲೇ ಹೇಳುತ್ತಿರಲಿಲ್ಲ.

ಆ ದಿನ ಬನಶಂಕರಿಯ ಮನೆಯಿಂದ ಹೊರಡುವಾಗ ಕೈಗೆ ಸಿಕ್ಕಿದ್ದು ನಮ್ಮ ಹಳೆಯ ಕಾಫಿ ಫಿಲ್ಟರ್. ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಸಾರಕ್ಕಿ ಸಿಗ್ನಲ್‌ನಲ್ಲಿ ಆಟೋ ಸಿಕ್ಕಿಕೊಂಡು ಕಚೇರಿ ಮುಟ್ಟುವಾಗ ತುಂಬಾ ತಡವಾಗಿತ್ತು. ದಾರಿಯುದ್ದಕ್ಕೂ ಬ್ಯಾಗು ನನ್ನ ತೊಡೆಯ ಮೇಲೆಯೇ ಇತ್ತು.

ಗೊಟ್ಟಿಗೆರೆಯಿಂದ ಸಂದರ್ಶನಕ್ಕೆ ಬಂದಿದ್ದ ಶಶಿಕಲಾ ಎಂಬ ಹೆಣ್ಣುಮಗಳು ಪರೀಕ್ಷೆಯ ಕೋಣೆಯಲ್ಲಿ ಆಗಲೇ ಬರೆದು ಮುಗಿಸಿ ಕೂತಿದ್ದರು. ಹಾಳೆ ನೋಡಿದೆ. ಕಾಫಿ ಫಿಲ್ಟರ್ ಬಗ್ಗೆ. ‘ಇದರ ಸ್ವಂತ ಮುಚ್ಚಳ ಕಳೆದಿದೆ. ಸಕ್ಕರೆ ಡಬ್ಬಿಯ ಮುಚ್ಚಳವನ್ನು ಸ್ವಲ್ಪ ಓರೆಯಾಗಿಡಿ. ಬಿಗಿಯಾದರೆ ಡಿಕಾಕ್ಷನ್ ಇಳಿಯುವುದಿಲ್ಲ.’ ಇದು ನನಗೂ ನನ್ನ ಹೆಂಡತಿಗೂ ಬಿಟ್ಟರೆ ಇನ್ಯಾರಿಗೂ ಗೊತ್ತಿರದ ಸಂಗತಿ. ಹಾಳೆಯನ್ನು ಮತ್ತೊಮ್ಮೆ ಓದಿದೆ. ಬೆನ್ನಿಗೇ ಅನುಮಾನ. ಯಾರು ಹೇಳಿಕೊಟ್ಟರೆಂದು ಗದರಿಸಿಯೇ ಕೇಳಿದೆ.

“ನೀವೇ ತಂದು ಮೇಜಿನ ಮೇಲೆ ಇಟ್ರಲ್ಲ ಸಾರ್. ಬರೆದಾದ್ಮೇಲೆ ತಗೊಂಡು ಹೋದ್ರಿ,” ಎಂದರು.

ಬ್ಯಾಗು ತೆರೆದೆ. ಫಿಲ್ಟರ್ ಸುತ್ತಿಟ್ಟ ಹಾಗೇ ಇತ್ತು. ರಿಸೆಪ್ಷನ್‌ನ ಹುಡುಗಿ ಆ ಹೊತ್ತಿಗೆ ತಿಂಡಿಗೆ ಹೋಗಿದ್ದಳಂತೆ. ಹೆಂಡತಿಗೆ ಫೋನ್ ಮಾಡಿ ಅವಳನ್ನೂ ವಿಚಾರಿಸಿ ಬೈಸಿಕೊಂಡೆ. ಶಶಿಕಲಾ ಅವರ ಹಿಂದಿನ ಕೆಲಸ ಹೋಗಿತ್ತು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಕಣ್ಣು ತುಂಬಿಕೊಂಡು, “ನಾನ್ ಸುಳ್ಳು ಹೇಳ್ತಿಲ್ಲ ಸಾರ್,” ಎಂದರು. ಅಷ್ಟು ಚೊಕ್ಕವಾಗಿ ಬರೆದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೋಸವೆಂದು ವಾಪಸ್ ಕಳಿಸೋಣವೆಂದರೆ, ಮೋಸ ಎಲ್ಲಿದೆ ಎಂದು ತೋರಿಸಲು ನನ್ನಿಂದಾಗಲಿಲ್ಲ. ಕೆಲಸ ಕೊಟ್ಟೆ.

ಈಗ ಅವರು ನನ್ನ ಪಕ್ಕದಲ್ಲೇ ಕೂರುತ್ತಾರೆ. ಇಂದಿಗೂ ಓರೆಗಣ್ಣಿನಿಂದ ಗಮನಿಸುತ್ತಲೇ ಇರುತ್ತೇನೆ, ಏನೂ ಸಿಕ್ಕಿಲ್ಲ. ಮೊನ್ನೆ ಊಟದ ಹೊತ್ತಿನಲ್ಲಿ ಧೈರ್ಯ ಮಾಡಿ, ಅವತ್ತು ಬಂದವನು ನಾನೇ ಎಂದು ಹೇಗೆ ಹೇಳುತ್ತೀರಿ ಎಂದೆ.

“ಮುಖ ನಿಮ್ದೇ, ದನಿನೂ ನಿಮ್ದೇ,” ಎಂದರು. ಸ್ವಲ್ಪ ಯೋಚಿಸಿ, “ಆದ್ರೆ ಅವತ್ತು ನಗ್ತಾ ಮಾತಾಡಿಸಿದ್ರಿ ಸಾರ್. ಹೆದರ್ಬೇಡಿ, ಕೆಲಸ ನಿಮ್ಗೇ ಅಂದ್ರಿ. ಆಮೇಲೆ ನೀವು ಹಾಗೆ ನಕ್ಕಿದ್ದನ್ನ ನಾನ್ ನೋಡೇ ಇಲ್ಲ,” ಎಂದರು.

ಹಾಗೆ ನಕ್ಕು ಹೋದವನು ಯಾರೋ, ನನಗೆ ಇವತ್ತಿಗೂ ಗೊತ್ತಿಲ್ಲ.