ಕೊಡಕ್ಕೆ ನಲವತ್ತು ಲಾಳಿ

ಗಜೇಂದ್ರಗಡದ ಆ ಓಣಿಗೆ ಮೊದಲ ಸಲ ಹೋದಾಗ, ಇದನ್ನು ಬರೆಯುತ್ತಿರುವವನು ದ್ರಾಕ್ಷಾಯಣಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈಮುಗಿದು ನಿಂತುಬಿಟ್ಟಿದ್ದ. ಒಳಗೆ ಮಗ್ಗದ ಸಪ್ಪಳದ ಜೊತೆಗೆ ಹೆಣ್ಣುದನಿಯೊಂದು "ಮೂವತ್ತೇಳು, ಮೂವತ್ತೆಂಟು" ಎಂದು ಎಣಿಸುತ್ತಿತ್ತು. ಜಪ ನಡೆದಿದೆ, ನಡುವೆ ಮಾತಾಡಿಸಬಾರದು ಎಂಬುದು ಅವನ ತಿಳಿವಳಿಕೆ.

"ಯಾರ್ರಿ ಅದು? ಸುಮ್ನ ಕಂಬದಂಗ ನಿಂತೀರಲ್ಲ, ಕೊಡ ತುಂಬೇತೇನು ನೋಡ್ರಿ!" ಎಂದು ಒಳಗಿನಿಂದ ಗದರಿಕೆ ಬಂದ ಮೇಲೆ ತಿಳಿಯಿತು, ಎಣಿಕೆ ದೇವರಿಗಲ್ಲ, ನಳದ ನೀರಿಗೆ.

ದ್ರಾಕ್ಷಾಯಣಿಗೆ ಐವತ್ತೆರಡು ವಯಸ್ಸು. ಮೂವತ್ತು ವರ್ಷದಿಂದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದಾಳೆ. ಲಾಳಿ ಒಮ್ಮೆ ಆ ಕಡೆಯಿಂದ ಈ ಕಡೆಗೆ ಹಾಯ್ದರೆ ಒಂದು ಎಣಿಕೆ. ಓಣಿಗೆ ಎಂಟು ದಿನಕ್ಕೊಮ್ಮೆ, ಮುಕ್ಕಾಲು ತಾಸು ನೀರು. ಹೊಸ್ತಿಲಾಚೆಯ ನಳಕ್ಕೆ ಕೊಡ ಇಟ್ಟು ಬಂದು ಮಗ್ಗಕ್ಕೆ ಕೂತರೆ, ನಲವತ್ತನೇ ಲಾಳಿಗೆ ಕೊಡ ತುಂಬಬೇಕು. ಎದ್ದು ಕೊಡ ಬದಲಿಸಬೇಕು, ಮತ್ತೆ ಕೂಡಬೇಕು. ನೀರಿನ ದಿನ ಅವಳು ಕೂತಳು ಅನ್ನುವಂತಿಲ್ಲ, ನಿಂತಳು ಅನ್ನುವಂತಿಲ್ಲ.

ಓಣಿಗೆ ಹೊಸ ಪೈಪು ಬಂದ ಮೇಲೆ ಈ ನಲವತ್ತು ಹೋಗಿ ನೂರಾ ಇಪ್ಪತ್ತಾಯಿತು. ನಲವತ್ತೈದು ಕೊಡ ಬರುವಲ್ಲಿ ಹದಿನೈದು. ಅಷ್ಟರಲ್ಲೇ ಎಂಟು ದಿನ, ಐದು ಮಂದಿ, ಒಂದು ಎಮ್ಮೆ.

ಅಂಥದೊಂದು ನೀರಿನ ದಿನ, ನಳ ಬಿಟ್ಟ ಹೊತ್ತಿನಲ್ಲೇ ಗವಿಸಿದ್ದಪ್ಪನವರು ಕಾಗದ ಹಿಡಿದು ಬಂದರು. ಓಣಿಯ ಹಿರಿಯರು, ಓಡಾಡಿ ಪೈಪು ಹಾಕಿಸಿದವರು. ಆ ಪೈಪಿನೊಳಗಿಂದ ತಾವೇ ಹರಿದು ಬಂದಷ್ಟು ಹೆಮ್ಮೆ ಅವರಿಗೆ. ಸತ್ಕಾರದ ಬ್ಯಾನರು ಆಗಲೇ ಅಚ್ಚಾಗಿತ್ತು. ಅದರಲ್ಲಿ ಅವರ ಮೀಸೆಯೇ ಪೈಪಿಗಿಂತ ದಪ್ಪ. ಕೆಲಸ ಮುಗಿದಿದೆ ಎಂದು ಪ್ರತಿ ಮನೆಯವರೂ ಸಹಿ ಹಾಕಿದರೆ ಗುತ್ತಿಗೆದಾರ ಗುದ್ದಲಿ ಕಟ್ಟಿಕೊಂಡು ಊರು ಬಿಡುವವನಿದ್ದ. ಉಳಿದದ್ದು ಇವಳದೊಂದೇ ಸಹಿ.

"ನಾ ಹಾಕಂಗಿಲ್ರಿ. ನೀರು ಸರಿಯಾಗಿ ಬರವಲ್ದು."

ಗವಿಸಿದ್ದಪ್ಪನವರ ಹಿಂದೆ ಗುತ್ತಿಗೆದಾರನ ಕಡೆಯ ಇಂಜಿನಿಯರು ಸುದೀಪ ನಿಂತಿದ್ದ. ಚಿಕ್ಕ ವಯಸ್ಸು, ದೊಡ್ಡ ಚೀಲ. ಚೀಲದಿಂದ ಗಡಿಯಾರದಂಥ ಗೇಜು ತೆಗೆದು ನಳದ ಬಾಯಿಗೆ ತಿರುವಿ ಕೂಡಿಸಿದ. ಮುಳ್ಳು ಎರಡರ ಮೇಲೆ ನಿಂತಿತು.

"ಎರಡು ಕೆಜಿ ಪ್ರೆಶರ್ ಐತ್ರಿ ಅಕ್ಕಾರ."

"ಕೇಳಿದ್ಯಾ? ಎರಡು ಕೆಜಿ!" ಗವಿಸಿದ್ದಪ್ಪನವರು ತಾವೇ ತಕ್ಕಡಿ ಹಿಡಿದು ತೂಗಿದವರಂತೆ ಓಣಿಗೆಲ್ಲ ಸಾರಿದರು.

ಸುದೀಪ ಹಾಳೆಯಲ್ಲಿ ಪೈಪಿನ ಅಗಲ, ನೀರಿನ ವೇಗ ಗುಣಿಸಿ ತೋರಿಸಿದ: ನಿಮಿಷಕ್ಕೆ ಹದಿನೈದು ಲೀಟರು, ಅಂದರೆ ಒಂದು ಕೊಡ.

"ಈ ಹಾಳಿ ನಳದ ಕೆಳಗ ಹಿಡದ್ರ ಕೊಡ ತುಂಬತೈತೇನೋ ತಮ್ಮಾ?" ಎಂದಳು ದ್ರಾಕ್ಷಾಯಣಿ. "ರೋಣದ ಬಸ್ಸು ಬಂದಾಗ ಬಾಗಲದಾಗ ಒತ್ತಡ ಭಾಳ ಇರತೈತಿ. ಒಳಗ ಎಷ್ಟು ಮಂದಿ ಹತ್ತಿದ್ರು ಅನ್ನೂದು ಬ್ಯಾರೆ ಲೆಕ್ಕ. ನಿನ್ನ ಗೇಜು ನಳದ ಬಾಯಿ ಮುಚ್ಚಿ ಕುಂತೈತಿ. ನಿಂತ ನೀರು ಅಳದು ಓಡೂ ನೀರಿನ ಮಾತು ಹೇಳಬ್ಯಾಡ."

ಸುದೀಪನ ಕಿವಿ ಕೆಂಪಾದವು. ಇದೇ ಮಾತನ್ನು ಕಾಲೇಜಿನಲ್ಲಿ ಪರೀಕ್ಷೆಗೆಂದು ಬರೆದಿದ್ದ, ಬರೆದು ಮರೆತಿದ್ದ.

ದ್ರಾಕ್ಷಾಯಣಿ ಓಣಿಗೆ ಕೂಗಿದಳು: "ಎಲ್ಲಾರೂ ನಳ ಬಂದ್ ಮಾಡ್ರಿ! ನಾ ಹೇಳಿದವರದು ಅಷ್ಟ ಚಾಲೂ!"

"ನಿನಗ ತಲಿಗಿಲಿ ಕೆಟ್ಟೇತೇನಕ್ಕಾ, ನೀರು ಬಂದ ಹೊತ್ತಿನ್ಯಾಗ?" ಪಕ್ಕದ ಮನೆಯ ಶಬನಮ ಬೈದಳು. ಬೈಯುತ್ತಲೇ ನಳ ತಿರುವಿದಳು.

ಮುಕ್ಕಾಲು ತಾಸಿನಲ್ಲಿ ಏಳು ನಿಮಿಷ ಕಳೆಯುವುದೆಂದರೆ ಆ ಓಣಿಯಲ್ಲಿ ಸಣ್ಣ ಮಾತಲ್ಲ. ಹೆಂಗಸರು ಖಾಲಿ ಕೊಡ ಹಿಡಿದು ಬಾಗಿಲಲ್ಲಿ ಚಡಪಡಿಸಿದರು. ದ್ರಾಕ್ಷಾಯಣಿ ಮಗ್ಗಕ್ಕೆ ಕೂತಳು. ಪೈಪು ಬರುವ ದಾರಿಯಲ್ಲೇ ಸರದಿ: ಮೊದಲು ಶಬನಮಳ ನಳ. "ಇಟ್ಟೆ!" ಎಂದು ಕೂಗು, ಲಾಳಿ ಓಡಿತು. "ಆತು!" ನಲವತ್ತು. ಆಮೇಲೆ ತನ್ನದೇ ನಳ: ನೂರಾ ಇಪ್ಪತ್ತು. ಕೊನೆಗೆ ಆಚೆ ಮನೆಯ ನೇತ್ರಾಳದು: ನೂರಾ ಇಪ್ಪತ್ತೊಂದು. ಸುದೀಪ ಗುಟ್ಟಾಗಿ ಮೊಬೈಲಿನಲ್ಲಿ ಹೊತ್ತು ಹಿಡಿದಿದ್ದ: ಒಂದು ನಿಮಿಷ, ಮೂರು, ಮೂರು. ಮೊಬೈಲನ್ನು ಮೆಲ್ಲಗೆ ಕಿಸೆಗಿಟ್ಟ.

"ಶಬನಮನ ಬಾಗಲ ದಾಟಿ, ನನ್ನ ಬಾಗಲ ಮುಟ್ಟೂದ್ರಾಗ ಏನೋ ಅಡ್ಡ ಕುಂತೈತಿ," ಎಂದಳು. "ಅಗೀರಿ."

"ಹೊಸಾ ರಸ್ತೆ ಅಗಿಯೂದಾ? ಬ್ಯಾನರ್ ಕಟ್ಟೂದು ನಾಳೆ ಐತಿ!" ಎಂದರು ಗವಿಸಿದ್ದಪ್ಪನವರು.

"ಕಟ್ರಲ್ಲ. ತೆಗ್ಗಿಗೆ ನೆರಳಾಕ್ಕೈತಿ."

ಮರುದಿನ ಅಗೆದರು. ಪೈಪು ಕೂಡಿಸುವಾಗ ಮಣ್ಣು ಹೋಗದಿರಲೆಂದು ಯಾರೋ ತುರುಕಿದ್ದ ಗೋಣಿತಟ್ಟು ತೆಗೆಯದೆ ಹಾಗೇ ಉಳಿದಿತ್ತು. ಹಸಿಯಾಗಿ, ಉಬ್ಬಿ, ಬೆಕ್ಕಿನ ಮರಿಯಷ್ಟಾಗಿತ್ತು. ತೆಗೆದು, ಕೂಡಿಸಿ, ಮುಚ್ಚಿದರು. ಆದರೆ ಮುಂದಿನ ನೀರಿಗೆ ಇನ್ನೂ ಏಳು ದಿನ. ಅಲ್ಲಿಯವರೆಗೆ ಶಬನಮ ದಿನಾ ಎರಡು ಕೊಡ ಕೊಟ್ಟಳು, ಜೊತೆಗೆ ನಾಲ್ಕು ಮಾತೂ ಕೊಟ್ಟಳು. ದ್ರಾಕ್ಷಾಯಣಿಗೆ ಮಗ್ಗದಲ್ಲಿ ಮನಸ್ಸು ನಿಲ್ಲಲಿಲ್ಲ. ಇನ್ನೊಂದು ಕಡೆಯೂ ಗೋಣಿ ಇದ್ದರೆ? ಓಣಿಯವರ ಏಳು ನಿಮಿಷ ಸುಮ್ಮನೆ ಹಾಳು ಮಾಡಿದ್ದರೆ? ಎರಡು ಸಲ ಅಂಚು ತಪ್ಪಿತು, ಎರಡು ಸಲ ಬಿಚ್ಚಿದಳು. ಒಣ ನಳವನ್ನು ಸುಮ್ಮನೆ ತಿರುವಿ ತಿರುವಿ ನೋಡಿದಳು.

ನೀರಿನ ದಿನ ಬಾಗಿಲಲ್ಲಿ ಅರ್ಧ ಓಣಿ ನಿಂತಿತ್ತು. ಲಾಳಿ ಓಡಿತು. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತಕ್ಕೆ ಕೊಡ ತುಂಬಿ ಹೊಸ್ತಿಲ ಮೇಲೆ ಚೆಲ್ಲಿತು. ಅವಳು ಎದ್ದು ಬಂದು ಗವಿಸಿದ್ದಪ್ಪನವರ ಕೈಯಿಂದ ಕಾಗದ ಕಿತ್ತುಕೊಂಡು ಸಹಿ ಹಾಕಿ, ಇನ್ನೊಂದು ಕೊಡ ಇಟ್ಟಳು.

ಸುದೀಪ ವರದಿಯ ಹಾಳೆ ಬಿಡಿಸಿ ಕೂತ. "ಅಕ್ಕಾರ, ದೋಷ ಪತ್ತೆ ಮಾಡಿದ ವಿಧಾನ ಅಂತ ಒಂದು ಕಾಲಂ ಐತ್ರಿ. ಜರಾ ದೊಡ್ಡ ಹೆಸರಿದ್ರ ಚಲೋ. ನೀರು ಕಡಿಮಿ ಬರಾಕತ್ತೈತಿ ಅಂತ ನಿಮಗ ಮೊದಲಿಗೆ ಹ್ಯಾಂಗ ಗೊತ್ತಾತ್ರಿ?"

ದ್ರಾಕ್ಷಾಯಣಿ ಲಾಳಿ ನಿಲ್ಲಿಸಲಿಲ್ಲ.

"ಕೊಡ ತುಂಬಲಿಲ್ಲ."