ಕರೆಯದೆ ಹೋಗುವ ದಿನ

ಹೋದ ವಾರ ಕೊರಟಗೆರೆ ಹತ್ತಿರದ ಒಂದು ಊರಿನಲ್ಲಿ ಭಾಷಣ ಮಾಡಿ ಬಂದೆ. ಅಲ್ಲಿ ಹಾಕಿದ ಸುಗಂಧರಾಜದ ಹಾರವನ್ನು ಎಸೆಯಲು ಮನಸ್ಸಾಗದೆ ಕಿಟಕಿಯ ಸರಳಿಗೆ ನೇತುಹಾಕಿದ್ದೆ. ಈಗ ಅದು ಕಂದಿ, ಸಿಹಿಯೂ ಕೊಳೆತದ್ದೂ ಬೆರೆತ ಒಂದು ವಾಸನೆ ಬಿಡುತ್ತಿದೆ. ಹೆಂಡತಿ ಹೇಳುವಷ್ಟು ಹೇಳಿ ಸುಮ್ಮನಾಗಿದ್ದಾಳೆ. ಈ ವಾಸನೆ ನನಗೆ ಹೊಸದಲ್ಲ. ಒಂದು ಕಾಲದಲ್ಲಿ ನಾನು ಇದರ ನಡುವೆಯೇ ಕೂತು ಕೆಲಸ ಮಾಡುತ್ತಿದ್ದೆ. ಆದರೆ ಆ ಹಾರಗಳು ನನ್ನವಾಗಿರಲಿಲ್ಲ, ಲಾಯರಣ್ಣನವು.

ಲಾಯರಣ್ಣ ಯಾರೆಂದು ನೀವು ಕೇಳಬಹುದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕೇರಿಗಳಲ್ಲಿ ಆಗ ಯಾರೂ ಕೇಳುತ್ತಿರಲಿಲ್ಲ. ಅವರ ಹೆಸರು ದೊಡ್ಡರಂಗಪ್ಪ. ಕೇರಿಯಲ್ಲೇ ಹುಟ್ಟಿ, ಓದಿ, ಮಧುಗಿರಿಯ ಕೋರ್ಟಿನಲ್ಲಿ ವಕೀಲರಾಗಿದ್ದವರು. ಕುಡಿಯುವ ನೀರು, ಹೋಟೆಲಿನ ಲೋಟ, ಕ್ಷೌರದ ಅಂಗಡಿಯ ಕುರ್ಚಿ ಎಲ್ಲರಿಗೂ ಒಂದೇ ಆಗಬೇಕು ಎಂದು ಊರೂರು ತಿರುಗಿ ಮಾತಾಡುತ್ತಿದ್ದವರು. ನಾನು ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ, ಕೆಲಸವೂ ಇಲ್ಲದೆ, ಯಾವುದರಲ್ಲೂ ನಂಬಿಕೆಯೂ ಇಲ್ಲದೆ ಊರಿಗೆ ಮರಳಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಇಲ್ಲ, ಎಂಬತ್ತು ಶುರುವಾಗಿತ್ತೇನೋ. ಅವರ ಸಭೆಗಳನ್ನೂ ಪ್ರಯಾಣವನ್ನೂ ಹೊಂದಿಸಲು ಓದಿದವನೊಬ್ಬ ಬೇಕಾಗಿತ್ತು, ನಾನು ಸಿಕ್ಕಿದೆ.

ಟೈಲರ್ ಅಂಗಡಿಯ ಹಿಂದಿನ ಒಂದು ಕೋಣೆಯೇ ನಮ್ಮ ಆಫೀಸು. ಆಹ್ವಾನಗಳು ಅಂಚೆಯಲ್ಲಿ ಬರುವುದು ಅಪರೂಪ, ಮನುಷ್ಯರೇ ಬರುತ್ತಿದ್ದರು. ವೈ.ಎನ್. ಹೊಸಕೋಟೆ ಕಡೆಯವರು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ಸಿರಾದವರು ನನ್ನನ್ನೂ ‘ಸಾಬ್’ ಎನ್ನುತ್ತಿದ್ದರು, ನನಗೆ ಅದು ಒಳಗೊಳಗೇ ಹಿತವಾಗಿತ್ತು. ಕೆಲವರು ಬಾಗಿಲಾಚೆ ನಿಂತೇ ಮಾತಾಡುತ್ತಿದ್ದರು. ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಆ ಹೊಸಲು ದಾಟಲು ಅವರಿಗೆ ಹೊತ್ತು ಬೇಕಾಗುತ್ತಿತ್ತು.

ಲಾಯರಣ್ಣ ಯಾರ ಕಾರನ್ನೂ ಹತ್ತುತ್ತಿರಲಿಲ್ಲವಾದ್ದರಿಂದ ನನ್ನ ಕೆಲಸದ ಮುಕ್ಕಾಲು ಪಾಲು ಬಸ್ಸಿನದು. ಕೊಡಿಗೇನಹಳ್ಳಿ ಮೇಲೆ ಹಿಂದೂಪುರಕ್ಕೆ ಹೋಗುವ ಬಸ್ಸು ಯಾವುದು, ಪಾವಗಡದ ಯಾವ ಬಸ್ಸು ತುಂಬುವ ತನಕ ಅಲ್ಲಾಡುವುದಿಲ್ಲ, ಎಲ್ಲ ನನಗೆ ಬಾಯಿಪಾಠವಾಗಿತ್ತು. ತತ್ವಶಾಸ್ತ್ರ ಓದಿದ್ದರಿಂದ ಒಂದು ಲಾಭವಾಯಿತು: ಬರಬೇಕಾದ ಬಸ್ಸು ಬರದಿದ್ದಾಗ ನಾನೊಬ್ಬ ಆಶ್ಚರ್ಯಪಡುತ್ತಿರಲಿಲ್ಲ.

ಅವರದೊಂದು ಕಟ್ಟುನಿಟ್ಟಿತ್ತು. ಒಂದು ಊರಿನಲ್ಲಿ ಭಾಷಣವಾದರೆ, ಮುಂದಿನ ವಾರದ ಅದೇ ದಿನವನ್ನು ಯಾರಿಗೂ ಕೊಡಕೂಡದು. ಕಾರಣ ಹೇಳುತ್ತಿರಲಿಲ್ಲ. ಆ ದಿನ ಒಬ್ಬರೇ ಎಲ್ಲಿಗೋ ಹೋಗಿ ಸಂಜೆಗೆ ಧೂಳು ಹೊತ್ತು ಬರುತ್ತಿದ್ದರು. ಜಮೀನು ನೋಡಿಕೊಳ್ಳಲು ಹೋಗುತ್ತಾರೆ ಎಂದು ನಾನು ತೀರ್ಮಾನಿಸಿದ್ದೆ. ನಾಯಕರ ಮೇಲೆ ಅನುಮಾನ ಪಡುವುದು ಆಗ ನನ್ನ ಹವ್ಯಾಸ. ಮಾತಾಡುವುದು ಸುಲಭ, ಚಪ್ಪಾಳೆಯಾದ ಮೇಲೆ ಬಸ್ಸು ಹತ್ತುವುದು ಇನ್ನೂ ಸುಲಭ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಕೊಡಿಗೇನಹಳ್ಳಿಯಿಂದಾಚೆ ಒಂದು ಊರು. ಅಲ್ಲಿ ಸರ್ಕಾರ ಕೈಪಂಪಿನ ಬೋರ್‌ವೆಲ್ ಹಾಕಿಸಿತ್ತು. ನಮ್ಮ ಕಡೆ ಅದಕ್ಕೆ ಬೋರಿಂಗ್ ಎನ್ನುತ್ತಾರೆ. ಅದು ಎಲ್ಲರದು ಎಂದಿದ್ದರೂ ಕೇರಿಯವರು ದೂರ ನಿಂತು, ಯಾರಾದರೂ ಒತ್ತಿ ಸುರಿದಾಗ ಹಿಡಿದುಕೊಳ್ಳಬೇಕಿತ್ತು. ಇದರಲ್ಲಿ ನನಗೆ ಬೆರಗೇನೂ ಇರಲಿಲ್ಲ. ನಾನು ಕುರಿ ಸಾಕುವ ಮನೆಯವನು, ನಮ್ಮ ಹಟ್ಟಿಯಲ್ಲೂ ಕೇರಿಯವರ ಬೊಗಸೆಗೆ ಮೇಲಿನಿಂದಲೇ ನೀರು ಹೊಯ್ಯುತ್ತಿದ್ದರು. ಆ ಊರಿನಲ್ಲಿ ಲಾಯರಣ್ಣ ಮಾತಾಡಿದ ಸಂಜೆ ಮುದ್ದಮ್ಮ ಎಂಬ ಹೆಂಗಸು ಎದ್ದು ನಿಂತಳು. ಕಡ್ಲೆಕಾಯಿ ಹೊಲದಲ್ಲಿ ಕೂಲಿ ಮಾಡುವವಳು. ಬೆಳಗ್ಗೆ ಬೋರಿಂಗಿನ ಸಾಲಿನಲ್ಲಿ ತನ್ನ ಬಿಂದಿಗೆ ಇಡುವುದಾಗಿ ಎಲ್ಲರೆದುರು ಹೇಳಿಬಿಟ್ಟಳು. ಚಪ್ಪಾಳೆ ಬಿತ್ತು. ನಾವು ಬಸ್ಸು ಹತ್ತಿದೆವು.

ವಾರ ತುಂಬುವ ಮುಂಚೆ ಅವಳ ತಮ್ಮ ನಮ್ಮ ಆಫೀಸಿಗೆ ಬಂದ. ಅಕ್ಕ ಬಿಂದಿಗೆ ಇಟ್ಟಿದ್ದಳಂತೆ, ಯಾರೋ ಅದನ್ನು ಒದ್ದು ದಾರಿಗೆ ಉರುಳಿಸಿದರಂತೆ. ಈಗ ಅವಳನ್ನು ಕೂಲಿಗೆ ಕರೆಯುವುದಿಲ್ಲ, ಅಂಗಡಿಯವನು ಉಪ್ಪು ಕೊಡುವುದಿಲ್ಲ. ಊರವರ ಮುಂದೆ ತಪ್ಪಾಯಿತು ಎಂದರೆ ಎಲ್ಲ ಸರಿಹೋಗುತ್ತದಂತೆ, ಕೇರಿಯ ಹಿರಿಯರೂ ಹಾಗೇ ಹೇಳುತ್ತಿದ್ದಾರೆ. ಇಷ್ಟು ಹೇಳಿ ಅವನು ಲಾಯರಣ್ಣನ ಮುಖ ನೋಡಿದ.

“ಅವ್ಳು ನಮ್ ಮಾತ್ ಕೇಳಾಕಿಲ್ಲ ಅಣ್ಣ. ಬಿಂದಿಗೆ ಇಡು ಅಂದೋರು ನೀವು. ಈಗ ತಪ್ಪಾಯ್ತು ಅನ್ನು ಅಂತ ನೀವೇ ಹೇಳ್ಬುಡಿ.”

ಲಾಯರಣ್ಣ ಭಾಷಣವಾಗಿ ವಾರ ತುಂಬುವ ದಿನ ತಾವೇ ಬರುವುದಾಗಿ ಹೇಳಿ ಅವನನ್ನು ಕಳಿಸಿದರು. ಅದೇ ದಿನಕ್ಕೆ ಸಿರಾದ ಒಂದು ಕಾಲೇಜಿನವರು ಕೇಳಿದ್ದರು. ಮಂತ್ರಿಗಳು, ಪತ್ರಿಕೆಯವರು, ಮೈದಾನದ ತುಂಬ ಹುಡುಗರು. ಅಲ್ಲಿ ಆಡಿದ ಮಾತು ಇಡೀ ಜಿಲ್ಲೆಗೆ ಕೇಳಿಸುತ್ತದೆ, ಮುದ್ದಮ್ಮನ ಊರಿಗೆ ಮಾರನೇ ದಿನ ಹೋದರಾಯಿತು ಎಂದು ವಾದಿಸಿದೆ.

“ಲೇ ಎಂ.ಎ., ಸಿರಾಕ್ಕೆ ನೀನೇ ಹೋಗ್ಬುಡು,” ಎಂದು ನಕ್ಕರು. “ನಿನ್ ಇಂಗ್ಲಿಷ್‌ಗೂ ವಸಿ ಗಾಳಿ ಆಡ್ಲಿ.” ಆಮೇಲೆ ನಗು ನಿಲ್ಲಿಸಿದರು. “ಭಾಷಣ ಮಾಡ್ಬುಟ್ಟು ನಾವು ಬಸ್ ಹತ್ತುತೀವಿ. ಮಾರನೇ ದಿನ ಅದೇ ಊರಲ್ಲಿ ಏಳೋಳು ಅವ್ಳು ಕಣ್ಲಾ. ಕರೆದಾಗ ಯಾರು ಬೇಕಾದ್ರೂ ಹೋಯ್ತಾರೆ.”

ಅವರ ಖಾಲಿ ದಿನಗಳೆಲ್ಲ ಎಲ್ಲಿಗೆ ಹೋಗುತ್ತಿದ್ದವು ಎಂದು ನನಗೆ ಅರ್ಥವಾದದ್ದು ಆಗ. ಮಾತಾಡಿ ಬಂದ ಪ್ರತಿ ಊರಿಗೂ ಮತ್ತೆ ಹೋಗಿ, ತಮ್ಮ ಮಾತು ಯಾರ ಮೇಲೆ ಬಿದ್ದಿದೆ ಎಂದು ನೋಡಿಕೊಂಡು ಬರುತ್ತಿದ್ದರು. ನಾಲ್ಕು ತಾಲ್ಲೂಕು, ಆ ಬಸ್ಸುಗಳು, ಆ ಧೂಳು. ಸಿರಾಕ್ಕೆ ಹೋಗದೆ ಅವರ ಜೊತೆ ಹೊರಟೆ.

ಅವರು ಮನೆಯಿಂದ ಒಂದು ಖಾಲಿ ಬಿಂದಿಗೆ ತಂದಿದ್ದರು. ಅದು ಹಿತ್ತಾಳೆಯದೋ ಅಲ್ಯೂಮಿನಿಯಂದೋ ಖಚಿತವಿಲ್ಲ. ನಾನು ಒಂದು ಸಲ ಪ್ಲಾಸ್ಟಿಕ್ ಎಂದೂ ಹೇಳಿದ್ದೇನಂತೆ, ನನ್ನ ಹೆಂಡತಿಯ ಸಾಕ್ಷ್ಯ. ಕಂಡಕ್ಟರ್ ಮಾತ್ರ ಚೆನ್ನಾಗಿ ನೆನಪಿದ್ದಾನೆ. ಕೇಸಿನ ಕಟ್ಟನ್ನೆಲ್ಲ ಬಿಂದಿಗೆಗೆ ತುಂಬಿಕೊಂಡು ಹೊರಟಿರಾ ಎಂದು ಕೇಳಿ ಬಸ್ಸನ್ನೆಲ್ಲ ನಗಿಸಿದ.

ಬೋರಿಂಗಿನ ಹತ್ತಿರ ಬಿಂದಿಗೆಗಳ ಸಾಲಿತ್ತು. ಲಾಯರಣ್ಣ ಮುದ್ದಮ್ಮನನ್ನು ಕರೆದರು. ಅವಳು ಸೊಟ್ಟಗಾದ ತನ್ನ ಬಿಂದಿಗೆಯನ್ನು ಸಾಲಿನ ಕೊನೆಗೆ ಇಟ್ಟಳು, ಅವರು ತಮ್ಮದನ್ನು ಅದರ ಹಿಂದಿಟ್ಟು ಕೈಕಟ್ಟಿ ನಿಂತರು. ಒತ್ತುತ್ತಿದ್ದವರು ಕೈಬಿಟ್ಟರು. ಊರಿನ ಗೌಡರು ಬಂದರು.

“ಏನ್ ಲಾಯರ್ರೇ, ಇವತ್ತೂ ಭಾಷಣವೋ?”

“ಭಾಷಣ ಆವತ್ತೇ ಮುಗೀತಲ್ಲ ಗೌಡ್ರೇ. ಇವತ್ತು ನೀರಿಗೆ ಬಂದಿದೀನಿ.”

ಆಮೇಲೆ ಯಾರೂ ನೀರು ಒತ್ತಲಿಲ್ಲ. ಬಿಸಿಲು ಏರಿತು. ಸಾಲು ಅಲ್ಲೇ ನಿಂತಿತು, ಗೌಡರೂ ನಿಂತರು. ಲಾಯರಣ್ಣ ಯಾವ ಸಿಟ್ಟೂ ಇಲ್ಲದೆ, ನಿಜವಾಗಿ ನೀರಿಗೆ ಬಂದವರ ಹಾಗೆ ತಮ್ಮ ಸರದಿ ಕಾಯುತ್ತಿದ್ದರು. ಅಷ್ಟು ದೊಡ್ಡ ಮೌನವನ್ನು ನಾನು ಯಾವ ಸಭೆಯಲ್ಲೂ ಕೇಳಿಲ್ಲ. ಕೊನೆಗೆ ಸಾಲಿನ ಮುಂದಿದ್ದ ಕುರಿ ಕಾಯುವ ಮುದುಕಿಯೊಬ್ಬಳಿಗೆ ರೇಗಿತು. “ನಿಮ್ ಹಟ ನೀವ್ ಮಡೀಕಳ್ರಪ್ಪಾ, ನನ್ ಮರಿಗಳು ಬಾಯಾರಿ ಸಾಯ್ತಾವೆ,” ಎಂದು ಗೊಣಗಿ ಕೈಪಂಪು ಒತ್ತಿದಳು. ಅವಳ ಹಿಂದಿನವಳು ಒತ್ತಿದಳು. ಸಾಲು ಸರಿಯಿತು. ಮುದ್ದಮ್ಮನ ಸರದಿ ಬಂದಾಗ ನೆರವಿಗೆ ಕೈ ಹಾಕಲು ಹೋದ ತಮ್ಮನನ್ನು ಲಾಯರಣ್ಣ ತಡೆದರು. ಅವಳೇ ಒತ್ತಿದಳು, ತುಂಬಿಸಿದಳು, ಹೊತ್ತು ನಡೆದಳು.

ಗೆದ್ದೆವು ಎಂದು ನಾನಂದುಕೊಂಡೆ. ಬಸ್ಸಿನಲ್ಲಿ ಅವರು, ವಾರದ ಈ ದಿನವನ್ನು ಇನ್ನು ಯಾರಿಗೂ ಕೊಡಬೇಡ ಎಂದರು. ಕಡ್ಲೆಕಾಯಿ ಕೀಳುವ ಕಾಲದವರೆಗೂ ಪ್ರತಿ ವಾರ ಆ ಊರಿಗೆ ಹೋಗಿ ಸಾಲಿನಲ್ಲಿ ನಿಂತರು. ಕಟಾವಿಗೆ ಆಳು ಸಾಲದೆ ಮುದ್ದಮ್ಮನನ್ನು ಮತ್ತೆ ಕೂಲಿಗೆ ಕರೆದರು. ತಪ್ಪಾಯಿತು ಎಂದು ಅವಳು ಯಾರ ಮುಂದೆಯೂ ಹೇಳಲಿಲ್ಲ.

ಇದನ್ನು ಹೇಳುವಾಗಲೆಲ್ಲ ನಾನೂ ಆ ಸಾಲಿನಲ್ಲಿ ನಿಂತಿದ್ದೆ ಎಂಬಂತೆ ಹೇಳುತ್ತೇನೆ. ಆದರೆ ನನ್ನ ನೆನಪಿನಲ್ಲಿ ನಾನು ನಿಂತಲ್ಲಿ ನೆರಳಿದೆ. ಬೋರಿಂಗಿನ ಹತ್ತಿರ ನೆರಳಿರಲಿಲ್ಲ.

ಇವತ್ತು ಬೆಳಗಿನಿಂದ ಕೊರಟಗೆರೆ ಕಡೆಯ ಆ ಸಭೆಯೇ ಕಣ್ಣ ಮುಂದಿದೆ. ನನ್ನ ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, ನಮ್ಮೂರಿನ ಗುಡಿಯೊಳಕ್ಕೆ ನಮ್ಮವ್ವ ಯಾಕೆ ಹೋಗಬಾರದು ಎಂದು ಕೇಳಿದಳು. ಮುಂದೆ ಕೂತಿದ್ದ ಹಿರಿಯರು ತಿರುಗಿ ಅವಳನ್ನು ನೋಡಿದರು. ಒಳ್ಳೆಯ ಪ್ರಶ್ನೆ ಎಂದು ನಾನು ಮೆಚ್ಚಿ, ತಡವರಿಸದೆ ಉತ್ತರ ಕೊಟ್ಟು, ಕರೆದವರ ಕಾರಿನಲ್ಲಿ ಮನೆಗೆ ಬಂದೆ. ಹುಡುಗಿಯ ಹೆಸರನ್ನೂ ಕೇಳಲಿಲ್ಲ.

ನಾಳೆಗೆ ವಾರವಾಗುತ್ತದೆ. ಬೆಳಗ್ಗೆ ಬೇಗ ಎಬ್ಬಿಸು ಎಂದು ಹೆಂಡತಿಗೆ ಹೇಳಿದ್ದೇನೆ. ಎಲ್ಲಿಗೆ, ಯಾರು ಕರೆದಿದ್ದಾರೆ ಎಂದು ಕೇಳಿದಳು. ಯಾರೂ ಕರೆದಿಲ್ಲ ಎಂದೆ.